ಹಿಂದಿನಂತೆ

ಎರಡು ಸಲ ಒರೆಸಿದ್ದ ಮೇಜನ್ನೇ ಅವಳು ಮತ್ತೆ ಒರೆಸುತ್ತಿದ್ದಾಗ ಔಷಧಿ ಕೊಡುವವನು ತನ್ನ ಕಿಂಡಿಯಿಂದ ತಲೆ ಹಾಕಿ, “ಬಿಡಿ ಸಿಸ್ಟರ್, ಇನ್ನು ಬಣ್ಣಾನೇ ಎದ್ದು ಬರುತ್ತೆ,” ಎಂದು ನಕ್ಕ. ಅವಳು ನಗಲಿಲ್ಲ. ಬಟ್ಟೆಯನ್ನು ಹಿಂಡಿ ಕಿಟಕಿಯ ಸರಳಿಗೆ ಹಾಕಿದಳು. ಸೊಟ್ಟಗೆ ಕಂಡಿತು, ನೇರ ಮಾಡಿದಳು. ಬಂದವರ ಕಣ್ಣಿಗೆ ಮೊದಲು ಬೀಳುವುದೇ ಈ ಒದ್ದೆ ಬಟ್ಟೆಯಾದೀತೆಂದು ತೆಗೆದು ಮೇಜಿನ ಕೆಳಗಿನ ಬಕೆಟ್ಟಿಗೆ ತುರುಕಿದಳು. ಅಧಿಕಾರಿ ಬರುವುದು ಹನ್ನೊಂದರ ಮೇಲೆ ಎಂದು ಡಾಕ್ಟರು ನಿನ್ನೆಯೇ ಹೇಳಿದ್ದರು. ಹೇಳುವಾಗ ಅವರ ಮುಖ ಪರೀಕ್ಷೆ ಪಾಸಾದ ಹುಡುಗನ ಮುಖದ ಹಾಗಿತ್ತು. ಇಷ್ಟು ವರ್ಷದಲ್ಲಿ ಈ ಚಿಕಿತ್ಸಾಲಯವನ್ನು ಹುಡುಕಿಕೊಂಡು ಮೇಲಿನವರು ಯಾರೂ ಬಂದಿರಲಿಲ್ಲ, ಬಂದಿದ್ದರೆ ಬೈಯುವುದಕ್ಕೆ ಬಂದಿದ್ದರು. ಈಗ ಬರುತ್ತಿರುವುದು ಬೆನ್ನು ತಟ್ಟುವುದಕ್ಕೆ. “ಎಲ್ಲ ನಿಮ್ಮ ಕೈಗುಣ ಸಿಸ್ಟರ್,” ಎಂದಿದ್ದರು ಡಾಕ್ಟರು. ಆ ಮಾತು ರಾತ್ರಿಯಿಡೀ ಅವಳ ಜೊತೆಯಲ್ಲೇ ಮಲಗಿ, ಅವಳಿಗಿಂತ ಮೊದಲೇ ಎದ್ದು ಕೂತಿತ್ತು.

ಬರುವವರು ಕಣ್ಗಾವಲು ವಿಭಾಗದವರು. ಹೆಸರು ಕೇಳಿದ ದಿನ ಔಷಧಿಯವನು, “ಕಾಯಿಲೆಗೂ ಕಾವಲಾ? ಅದೇನು ಕಾಂಪೌಂಡ್ ಹಾರಿ ಓಡಿಹೋಗುತ್ತಾ?” ಎಂದು ತಮಾಷೆ ಮಾಡಿದ್ದ. ಆದರೆ ವಿಷಯ ತಮಾಷೆಯದಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅದು ಗೊತ್ತಿದ್ದದ್ದೇ ಈಗಿನ ಸಂಕಟ. ಹಿಂದೆಲ್ಲ ಒಂದೊಂದು ಚಿಕಿತ್ಸಾಲಯದಲ್ಲಿ ಒಂದೊಂದು ರೀತಿ ಬರೆಯುತ್ತಿದ್ದರು. ಒಬ್ಬ ಡಾಕ್ಟರು ‘ಒತ್ತಡ ಹೆಚ್ಚು’ ಎಂದರೆ ಇನ್ನೊಬ್ಬರು ‘ಪರವಾಗಿಲ್ಲ’ ಎನ್ನುತ್ತಿದ್ದರು. ಮತ್ತೊಬ್ಬರು ಬರೆದದ್ದನ್ನು ಅವರೇ ಓದಲಾರರು. ಯಾವ ಬೀದಿಯಲ್ಲಿ ಎಷ್ಟು ಜನ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಂದು ನರಳುತ್ತಿದ್ದಾರೆ, ಯಾರಿಗೆ ಔಷಧಿ ಹತ್ತುತ್ತಿದೆ, ಯಾರಿಗೆ ಇಲ್ಲ ಎಂದು ಕೂಡಿಸಿ ನೋಡುವ ಹಾಗೇ ಇರಲಿಲ್ಲ. ಈಗ ಎಲ್ಲ ಕಡೆಯೂ ಒಂದೇ ಪರದೆ, ಅವೇ ಚೌಕಗಳು, ಅದೇ ಅಳತೆ. ಇಲ್ಲಿ ತುಂಬಿದ್ದು ರೋಗಿಯ ಹೆಸರು ಕಳಚಿಕೊಂಡು ಕೇಂದ್ರ ಕಚೇರಿಗೆ ಹೋಗುತ್ತದೆ, ಅಲ್ಲಿ ನಕ್ಷೆಯ ಮೇಲೆ ಬಣ್ಣವಾಗುತ್ತದೆ. ಒತ್ತಡ ಹತೋಟಿ ತಪ್ಪಿದ ಬಡಾವಣೆಗೆ ಕೆಂಪು, ಹತೋಟಿಯಲ್ಲಿದ್ದದ್ದಕ್ಕೆ ಹಸಿರು. ಕೆಂಪಿರುವ ಕಡೆಗೆ ಮನೆಮನೆಗೆ ಹೋಗಿ ನೋಡುವ ತಂಡಗಳು, ಹೆಚ್ಚಿನ ಔಷಧಿ, ಇನ್ನೊಬ್ಬ ಡಾಕ್ಟರು. ತರಬೇತಿಯಲ್ಲಿ ಇದನ್ನು ಕೇಳಿದಾಗ ಅವಳಿಗೆ ನಿಜಕ್ಕೂ ಖುಷಿಯಾಗಿತ್ತು. ತಾನು ಬರೆಯುವ ಅಂಕಿ ಯಾವುದೋ ಕಪಾಟಿನಲ್ಲಿ ಕೊಳೆಯುವುದಿಲ್ಲ, ಒಂದು ಕಡೆ ಹೋಗಿ ಸೇರುತ್ತದೆ ಎಂಬ ಖುಷಿ. ಅದೇ ಹುರುಪಿನಲ್ಲಿ ಕೈ ಎತ್ತಿ ಕೇಳಿದ್ದಳು: “ಎತ್ತರಾನ ಪ್ರತಿಸಲ ಯಾಕೆ ತುಂಬಬೇಕು ಸರ್? ಅರವತ್ತು ವರ್ಷದವರು ತಿಂಗಳು ತಿಂಗಳೂ ಉದ್ದ ಆಗ್ತಾರಾ?” ಇಡೀ ಕೋಣೆ ನಕ್ಕಿತ್ತು. ತರಬೇತಿಯವನು ನಗುತ್ತಲೇ ಬರೆದುಕೊಂಡಿದ್ದ. ಕೆಲವು ತಿಂಗಳ ಮೇಲೆ ಪ್ರತಿ ಚೌಕದ ಪಕ್ಕದಲ್ಲೂ ಬೂದು ಬಣ್ಣದ ಪುಟ್ಟ ಬಟನ್ನೊಂದು ಬಂದು ಕೂತಿತು: ಹಿಂದಿನಂತೆ. ಒತ್ತಿದರೆ ಹೋದ ಸಲದ ಅಂಕಿ ತಾನೇ ಬಂದು ಬೀಳುತ್ತಿತ್ತು. ಎತ್ತರದ ಪಕ್ಕದಲ್ಲಿ ಮಾತ್ರ ಅಲ್ಲ, ಎಲ್ಲದರ ಪಕ್ಕದಲ್ಲೂ. ಅಂದು ಸಂಜೆ ಅತ್ತಿಗೆಯ ಮನೆಗೆ ಹೋಗಿ, “ನಾನು ಹೇಳಿದ್ದನ್ನ ಊರಿಗೆಲ್ಲ ಮಾಡಿದ್ದಾರೆ ಗೊತ್ತಾ?” ಎಂದು ಜಂಬ ಕೊಚ್ಚಿಕೊಂಡಿದ್ದಳು.

ಆಮೇಲೆ ಒತ್ತಡ ನೋಡಲು ತೋಳಿಗೆ ಕಟ್ಟುವ ಪಟ್ಟಿ ಹರಿಯಿತು. ಗಾಳಿ ತುಂಬಿದಷ್ಟೂ ಬುಸ್ಸೆಂದು ಹೊರಗೆ ಹೋಗುತ್ತಿತ್ತು, ಮಿಷನ್ನಿನಲ್ಲಿ ಅಂಕಿಯೇ ನಿಲ್ಲುತ್ತಿರಲಿಲ್ಲ. ಹೊಸದಕ್ಕೆ ಬರೆದು ಹಾಕಿದರು, ಬರಲಿಲ್ಲ, ಮತ್ತೆ ಬರೆದರು. ಸಾಲು ಮಾತ್ರ ದಿನಾ ಮೆಟ್ಟಿಲಿನವರೆಗೂ ಇರುತ್ತಿತ್ತು. ಒತ್ತಡದ ಚೌಕ ತುಂಬದಿದ್ದರೆ ಪರದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಪರದೆ ಮುಂದಕ್ಕೆ ಹೋಗದಿದ್ದರೆ ಔಷಧಿಯ ಚೀಟಿ ಬರುತ್ತಿರಲಿಲ್ಲ. ಚೀಟಿ ಇಲ್ಲದೆ ಗುಳಿಗೆಯಿಲ್ಲ. ಕುತ್ತಿಗೆ ಹಿಡಿದು ಕೂರಿಸಿದ ಹಾಗೆ. ಅವಳು ಒತ್ತಿದಳು. ಮೊದಲು ಯಾರಿಗೆ ಒತ್ತಿದ್ದು ಎಂಬುದು ಎಷ್ಟು ತಲೆ ಕೆರೆದುಕೊಂಡರೂ ಈಗ ನೆನಪಿಗೆ ಬರುವುದಿಲ್ಲ. ಅಷ್ಟು ಸಲೀಸಾಗಿ ಆಗಿಹೋಗಿತ್ತು ಅದು. ಹೊಸ ಪಟ್ಟಿ ಬಂದ ಮೇಲೆ ಒಂದಷ್ಟು ದಿನ ಎಲ್ಲರಿಗೂ ಕಟ್ಟಿ ನೋಡಿದಳು. ಅಷ್ಟರಲ್ಲಿ ಸಾಲಿಗೆ ಬೇಗ ಮುಗಿಯುವ ಅಭ್ಯಾಸವಾಗಿತ್ತು; “ಮೊದಲೇ ಚೆನ್ನಾಗಿತ್ತಲ್ಲ ಸಿಸ್ಟರ್, ನಮಗೆ ಕೆಲಸಕ್ಕೆ ಹೊತ್ತಾಗುತ್ತೆ,” ಎಂದು ಗೊಣಗಿದರು. ಹೊಸಬರಿಗೆ, ಬಾಡಿದ ಮುಖದವರಿಗೆ ಕಟ್ಟಿದರೆ ಸಾಕು, ಮಿಕ್ಕವರದ್ದು ಮುಖ ನೋಡಿದರೇ ಗೊತ್ತಾಗುತ್ತದೆ ಎಂದುಕೊಂಡಳು. ಬಂದವರನ್ನು ಬರಿಗೈಯಲ್ಲಿ ಕಳಿಸಿದ ಹಾಗಾಗಬಾರದೆಂದು ಒಂದು ಗಳಿಗೆ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, “ಚೆನ್ನಾಗಿದೆ,” ಎನ್ನುತ್ತಿದ್ದಳು. ಜನಕ್ಕೆ ಅದು ಪಟ್ಟಿಗಿಂತ ಹಿತವಾಗಿತ್ತು. ಅತ್ತಿಗೆಯಂತೂ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು: “ನಮ್ಮ ಪುಟ್ಟಿಗೆ ಮಿಷನ್ನೂ ಬೇಡ. ಕೈ ಹಿಡಿದ್ರೆ ಸಾಕು, ಒಳಗಡೆದೆಲ್ಲ ಹೇಳಿಬಿಡ್ತಾಳೆ.” ಕೇಳಿ ನಕ್ಕಿದ್ದಳು ಅವಳು. ಅಲ್ಲ ಎಂದಿರಲಿಲ್ಲ.

ಅತ್ತಿಗೆಯ ಮಾತು ಕೇಳಿ ಬಂದವರಲ್ಲಿ ಪಾಠದಜ್ಜಿಯೂ ಒಬ್ಬರು. ಅತ್ತಿಗೆಯ ಗೋಡೆಯಾಚೆಯ ಮನೆ. ಒಂದು ಕಾಲದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು, ಈಗ ಯಾರು ಸಿಕ್ಕರೂ ಹೇಳುತ್ತಿದ್ದರು. ಕುರ್ಚಿಯಲ್ಲಿ ಕೂತ ಕೂಡಲೇ ಕೈ ಚಾಚಿ, “ನೋಡಮ್ಮ, ಎಷ್ಟು ಮಾರ್ಕ್ಸು ಕೊಡ್ತೀಯ?” ಎನ್ನುವರು. ಮೊದಲ ಸಲ ಬಿಟ್ಟರೆ ಅವರಿಗೂ ಪಟ್ಟಿ ಕಟ್ಟಿರಲಿಲ್ಲ. ಹೋದ ತಿಂಗಳು ಒಂದು ಬೆಳಗ್ಗೆ ಅವರ ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ಮಾತು ಕಲಸಿದಂತಾಗಿ, ಅವರು ಹೇಳುವ ಪಾಠ ಈಗ ಯಾರಿಗೂ ತಿಳಿಯುವುದಿಲ್ಲ. ಅತ್ತಿಗೆ ದಿನಾ ಹೋಗಿ ಚಮಚದಲ್ಲಿ ಉಣ್ಣಿಸಿ ಬರುತ್ತಾಳೆ. ಡಾಕ್ಟರು ಅಂದು ಪರದೆಯಲ್ಲಿ ಅಜ್ಜಿಯ ಹಿಂದಿನ ಅಂಕಿಗಳನ್ನು ನೋಡಿ, “ಇಷ್ಟು ಹತೋಟಿಯಲ್ಲಿದ್ದೂ ಹೀಗಾಯ್ತಲ್ಲ. ವಯಸ್ಸು, ಏನ್ಮಾಡೋದು,” ಎಂದು ನಿಟ್ಟುಸಿರು ಬಿಟ್ಟಿದ್ದರು. ಅವಳು ಅವರ ಹಿಂದೆಯೇ ನಿಂತಿದ್ದಳು. ಹತ್ತಿಯ ಸುರುಳಿಯನ್ನು ಬಿಚ್ಚಿ, ಮತ್ತೆ ಸುತ್ತಿ, ಮತ್ತೆ ಬಿಚ್ಚಿದ್ದಳು. ಆವತ್ತಿನಿಂದ ಎಲ್ಲರಿಗೂ ಪಟ್ಟಿ ಕಟ್ಟುತ್ತೇನೆ ಎಂದುಕೊಂಡದ್ದೂ ನಿಜ. ಆದರೆ ಪಟ್ಟಿ ಕಟ್ಟಿದರೆ ನಿಜವಾದ ಅಂಕಿ ಬರುತ್ತದೆ, ಬಂದರೆ ಅದು ಹಿಂದಿನದರ ಪಕ್ಕದಲ್ಲಿ ನಿಂತು ಎಲ್ಲವನ್ನೂ ಆಡಿಬಿಡುತ್ತದೆ ಎಂದು ಹೊಳೆದಾಗ ಅವಳ ಕೈ ತಾನಾಗಿಯೇ ಪಟ್ಟಿಯನ್ನು ಬಿಟ್ಟು ಬಟನ್ನಿಗೆ ಹೋಗಿತ್ತು. ಮೊದಲು ಸೋಮಾರಿತನಕ್ಕೆ ಒತ್ತುತ್ತಿದ್ದದ್ದನ್ನು ಈಗ ಹೆದರಿಕೆಗೆ ಒತ್ತುತ್ತಿದ್ದಳು.

ಇವತ್ತು ಮಾತ್ರ ಒತ್ತುವ ಹಾಗಿಲ್ಲ. ಅಧಿಕಾರಿ ಬಂದಾಗ ಸಾಲಿನಲ್ಲಿ ಜನರಿರುತ್ತಾರೆ, ಪಟ್ಟಿ ಮೇಜಿನ ಮೇಲೆ ತಣ್ಣಗೆ ಕೂತಿದ್ದರೆ ಚೆನ್ನಾಗಿರುವುದಿಲ್ಲ. ಹಾಗಾಗಿ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ತೀರ್ಮಾನಿಸಿದ್ದಳು, ಇವತ್ತು ಎಲ್ಲರಿಗೂ ಕಟ್ಟುವುದು, ಅಂಕಿ ಏನು ಬಂದರೂ ಚೌಕದಲ್ಲಿ ಹಿಂದಿನದಕ್ಕೆ ಹತ್ತಿರದ್ದನ್ನು ಬರೆಯುವುದು. ಮೋಸದ ಮೇಲೆ ಇನ್ನೊಂದು ಪದರ ಅಷ್ಟೇ ಎಂದು ತನ್ನನ್ನೇ ಹಂಗಿಸಿಕೊಂಡಳು. ಮೊದಲ ಮೂವರು ಒಳಗೆ ಬಂದರು, ಹೋದರು. ಅವರ ಅಂಕಿಗಳು ದೇವರ ದಯೆಯಿಂದ ಆಸುಪಾಸಿನಲ್ಲೇ ಇದ್ದವು. ಎದೆ ಸ್ವಲ್ಪ ಹಗುರಾಯಿತು. ನಾಲ್ಕನೆಯವರನ್ನು ಕರೆಯಲು ತಲೆ ಎತ್ತಿದರೆ ಬಾಗಿಲಲ್ಲಿ ಅತ್ತಿಗೆ.

ಇವತ್ತು ಅವಳ ಸರದಿಯಲ್ಲ. ಶಾಲನ್ನು ಒಂದು ಹೆಗಲಿಗೆ ಮಾತ್ರ ಹೊದ್ದು, ಚೌಕಟ್ಟನ್ನು ಹಿಡಿದು, ಹೊಸ್ತಿಲನ್ನು ಕಾಲಿನಲ್ಲಿ ಸವರಿ ನೋಡಿ ದಾಟಿದಳು. ಅದನ್ನು ನೋಡಿ ಅವಳು ಎದ್ದು ಕುರ್ಚಿಯನ್ನು ಹತ್ತಿರಕ್ಕೆ ಎಳೆದಳು. ಅಮ್ಮ ತೀರಿಕೊಂಡ ವರ್ಷವೇ ಮದುವೆಯಾಗಿ ಬಂದವಳು ಅತ್ತಿಗೆ. ಗಂಡನ ಜೊತೆಗೆ ಮೂಗು ಸೋರುವ ನಾದಿನಿಯೊಬ್ಬಳನ್ನೂ ಕಟ್ಟಿಕೊಂಡಳು ಎಂದು ನೆಂಟರು ಮರುಗಿದರೆ, “ಇವಳು ಸಿಕ್ಕಳು ಅಂತಲೇ ಇವರಣ್ಣನ್ನ ಒಪ್ಪಿದ್ದು,” ಎಂದು ಬಾಯಿ ಮುಚ್ಚಿಸುತ್ತಿದ್ದವಳು. ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ದಾರಿಯಲ್ಲಿ ಹೋಗುವವರ ಬಟ್ಟೆಯ ಹೊಲಿಗೆ ಬಿಟ್ಟಿದ್ದರೆ ಕರೆದು ಹೇಳುತ್ತಿದ್ದಳು. ಪುಟ್ಟಿ ನರ್ಸಿಂಗ್ ಓದುವಾಗ ಬಿಳಿ ಸಮವಸ್ತ್ರವನ್ನು ಅಂಗಡಿಯಲ್ಲಿ ಹೊಲಿಸಲು ಬಿಡದೆ ತಾನೇ ಹೊಲಿದುಕೊಟ್ಟು, ತೊಡಿಸಿ, ತಿರುಗಿಸಿ ನೋಡಿ, “ಇನ್ಮೇಲೆ ಕಾಯಿಲೆಗೆ ನಿನ್ನ ಕಂಡ್ರೆ ಭಯ,” ಎಂದಿದ್ದಳು.

“ಏನತ್ತಿಗೆ, ಇವತ್ತು ಬಂದ್ಬಿಟ್ಟೆ?”

“ಯಾಕೆ, ಬರಬಾರ್ದಿತ್ತಾ? ಯಾರೋ ದೊಡ್ಡೋರು ಬರ್ತಾರಂತೆ ನಿನ್ನ ಹೊಗಳೋಕೆ. ಔಷಧಿಯವನು ಹೇಳ್ದ. ಹೊಗಳೋದನ್ನ ನಾನೂ ಕೇಳೋಣ ಅಂತ.” ಕುರ್ಚಿಯಲ್ಲಿ ಕೂತು ದನಿ ತಗ್ಗಿಸಿದಳು. “ಅದಲ್ಲ ಕಣೇ. ಬಲಗಣ್ಣಿಗೆ ಏನೋ ಅಡ್ಡ ಬಂದ ಹಾಗೆ. ಒರೆಸಿದ್ರೆ ಹೋಗಲ್ಲ. ನಿನ್ನೆ ಸೂಜಿಗೆ ದಾರ ಪೋಣಿಸೋಕೆ ಆಗ್ದೆ ಪಕ್ಕದ ಹುಡುಗಿನ ಕರೆದೆ. ನಾಚಿಕೆ ಆಯ್ತು.”

“ತಲೆನೋವು?”

“ಅದು ಇದ್ದೇ ಇರುತ್ತೆ ಬಿಡು, ಹಿಂದ್ಗಡೆ. ನೀನೇ ಹೇಳಿದ್ಯಲ್ಲ ಪ್ರೆಷರ್ ಚೆನ್ನಾಗಿದೆ ಅಂತ, ಅದಕ್ಕೇ ಸುಮ್ನಿದ್ದೆ.” ಅಷ್ಟು ಹೇಳಿ ಅತ್ತಿಗೆ ಅಭ್ಯಾಸದಂತೆ ಮಣಿಕಟ್ಟು ಮುಂದೆ ಮಾಡಿದಳು.

ಅವಳು ಮಣಿಕಟ್ಟನ್ನು ಬಿಟ್ಟು ತೋಳಿಗೆ ಪಟ್ಟಿ ಸುತ್ತಿದಳು. “ಇದೇನೇ ಇವತ್ತು? ಕೈ ಹಿಡಿದ್ರೆ ಸಾಲ್ದಾ?” ಎಂದಳು ಅತ್ತಿಗೆ. “ಇರ್ಲಿ, ಸುಮ್ನಿರು, ಮಾತಾಡ್ಬೇಡ,” ಎಂದಳು. ಮಿಷನ್ನು ಗುಂಯ್ ಎಂದು ಬಿಗಿಯಿತು, ಸಡಿಲಿತು. ಮೇಲಿನದು ನೂರ ತೊಂಬತ್ತೆರಡು, ಕೆಳಗಿನದು ನೂರ ಹದಿನಾಲ್ಕು. ಪಟ್ಟಿ ಬಿಚ್ಚಿ, ಸ್ವಲ್ಪ ಹೊತ್ತು ಕೂರಿಸಿ, ಇನ್ನೊಂದು ತೋಳಿಗೆ ಕಟ್ಟಿದಳು. ಅದೇ. ಪರದೆಯಲ್ಲಿ ಅತ್ತಿಗೆಯ ಹಿಂದಿನ ಅಂಕಿ ಕಾಯುತ್ತಿತ್ತು, ನೂರ ಇಪ್ಪತ್ತಾರರ ಮೇಲೆ ಎಂಬತ್ತೆರಡು. ಅದರ ಹಿಂದೆಯೂ ಅದೇ, ಅದರ ಹಿಂದೆಯೂ ಅದೇ, ಪಟ್ಟಿ ಹರಿದ ದಿನಗಳವರೆಗೂ ಅದೇ. ಹೊಸ ಪಟ್ಟಿಯನ್ನು ಎಲ್ಲರಿಗೂ ಕಟ್ಟಿದ ಆ ಕೆಲವು ದಿನಗಳಲ್ಲಿ ಅತ್ತಿಗೆಯ ಸರದಿ ಬಂದಿರಲಿಲ್ಲ. ಇಷ್ಟು ದಿನ ಆ ಅಂಕಿಗಳಿಗೆ ಮುಖವಿರಲಿಲ್ಲ. ಕೇಂದ್ರ ಕಚೇರಿಗೆ ಹೋಗುವಾಗ ಹೆಸರು ಕಳಚಿಕೊಳ್ಳುತ್ತವೆ ಎನ್ನುತ್ತಾರೆ. ಅವಳ ಮೇಜಿನ ಮೇಲೆಯೇ ಕಳಚಿಕೊಂಡಿದ್ದವು. ತಾನು ಎಂದೋ ಅಳೆದಿಟ್ಟ ಅತ್ತಿಗೆಯೊಬ್ಬಳು ಆ ಚೌಕದೊಳಗೆ ಆರೋಗ್ಯವಾಗಿ ಕೂತಿದ್ದಳು, ಎದುರಿನ ಅತ್ತಿಗೆ ಒಂದು ಕಣ್ಣನ್ನು ಮುಚ್ಚಿ ತೆಗೆದು ಮುಚ್ಚಿ ಗೋಡೆಯ ಗಡಿಯಾರವನ್ನು ನೋಡಲು ಹೆಣಗುತ್ತಿದ್ದಳು.

ಬೆರಳು ಬೂದು ಬಟನ್ನಿನ ಮೇಲೆಯೇ ಇತ್ತು. ಒತ್ತಿ, ಬಾಯಿಮಾತಿನಲ್ಲಿ ಡಾಕ್ಟರಿಗೆ ಹೇಳಿದರಾಯಿತಲ್ಲ? ಕಣ್ಣು ಮಂಜು ಎನ್ನುತ್ತಾಳೆ, ಒಂದು ಚೀಟಿ ಬರೆದುಕೊಡಿ ಎಂದರೆ ಬರೆಯುವುದಿಲ್ಲವೇ? ನಕ್ಷೆಯ ಹಸಿರಿಗೂ ಪೆಟ್ಟಾಗುವುದಿಲ್ಲ, ಅತ್ತಿಗೆಯ ಕಣ್ಣಿಗೂ ಪೆಟ್ಟಾಗುವುದಿಲ್ಲ. ಹೀಗೆ ಯೋಚಿಸುತ್ತಿರುವ ತನ್ನ ಮೇಲೆ ಅವಳಿಗೆ ಹೇಸಿಗೆಯಾಯಿತು, ಆದರೂ ಯೋಚನೆ ನಿಲ್ಲಲಿಲ್ಲ. ಕೊನೆಗೆ ಹಿಂದುಮುಂದು ನೋಡದೆ ನೂರ ತೊಂಬತ್ತೆರಡು ಎಂದು ಒತ್ತಿದಳು. ಪರದೆ ಒಪ್ಪಲಿಲ್ಲ. ‘ಈ ಅಂಕಿ ಹಿಂದಿನದಕ್ಕಿಂತ ಬಹಳ ಭಿನ್ನವಾಗಿದೆ. ಕಾರಣ ಆರಿಸಿ’ ಎಂದಿತು. ತುಂಬುವಾಗ ತಪ್ಪಾಗಿದೆ, ಉಪಕರಣ ಕೆಟ್ಟಿದೆ, ರೋಗಿ ಈಗಷ್ಟೇ ನಡೆದುಬಂದಿದ್ದಾರೆ, ಇತರೆ. ಸುಳ್ಳನ್ನು ಇಷ್ಟು ದಿನ ತುಟಿ ಬಿಚ್ಚದೆ ನುಂಗಿದ ಪರದೆ ಈಗ ನಿಜಕ್ಕೆ ಸಾಕ್ಷಿ ಕೇಳುತ್ತಿತ್ತು. ಹಿಂದಿನದು ಸುಳ್ಳು ಎಂದು ಆರಿಸಲು ಅಲ್ಲಿ ಜಾಗವೇ ಇರಲಿಲ್ಲ. ಅದನ್ನು ಮಾಡಿದವರಿಗೆ ಅಂಥದ್ದೊಂದು ಹೊಳೆದೇ ಇರಲಿಲ್ಲ. ಅವಳು ‘ಇತರೆ’ ಆರಿಸಿದಳು.

ಡಾಕ್ಟರು ಹೊಸ ಅಂಗಿ ತೊಟ್ಟಿದ್ದರು, ಕಾಲರಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಅತ್ತಿಗೆಯನ್ನು ಕೂರಿಸಿ, ಪರದೆಯಲ್ಲಿ ಅವಳ ಅಂಕಿಗಳ ಗೆರೆಯನ್ನು ತೆಗೆದರು. ಮಟ್ಟಸವಾಗಿ ಹಾಸಿದ ಗೆರೆ, ತುದಿಯಲ್ಲಿ ಇವತ್ತಿನದೊಂದು ಮೊಳೆಯ ಹಾಗೆ ಎದ್ದು ನಿಂತಿತ್ತು. “ಇಷ್ಟು ತಿಂಗಳಿಂದ ಚೆನ್ನಾಗಿದೆಯಲ್ಲಮ್ಮ. ಇವತ್ತೇನು ಓಡ್ಕೊಂಡು ಬಂದ್ರಾ?” ಎಂದರು.

“ಮೆಟ್ಲು ಹತ್ತಿದೆ ಡಾಕ್ಟ್ರೇ, ಅದಕ್ಕೇ ಇರ್ಬೇಕು,” ಎಂದಳು ಅತ್ತಿಗೆ, ನಾದಿನಿಯ ಡಾಕ್ಟರಿಗೆ ತೊಂದರೆ ಕೊಡಬಾರದೆಂಬ ಸಂಕೋಚದಲ್ಲಿ.

“ಸರ್, ಕೂರಿಸಿ ಎರಡು ಸಲ ನೋಡಿದೆ. ಬಲಗಣ್ಣು ಮಂಜು ಅಂತಾರೆ. ತಲೆನೋವೂ ಇದೆ,” ಎಂದಳು ಅವಳು.

“ಕಣ್ಣಿಗೆ ಕನ್ನಡಕದ ನಂಬರ್ ಬದಲಾಗಿರುತ್ತೆ, ತೋರಿಸ್ಕೊಳ್ಳಿ. ಒತ್ತಡ ಹೀಗೆ ನೆಟ್ಟಗಿರೋರಿಗೆ ಅದರಿಂದ ಕಣ್ಣಿಗೇನೂ ಆಗಲ್ಲ. ಗಾಬರಿಗೆ ಒಂದು ಸಲ ಏರುತ್ತೆ, ಇಳಿಯುತ್ತೆ. ಅದೇ ಗುಳಿಗೆ ಇರ್ಲಿ, ಮುಂದಿನ ವಾರ ಬನ್ನಿ, ನೋಡೋಣ.” ಅವರು ಕೆಟ್ಟ ಡಾಕ್ಟರಲ್ಲ. ಗೆರೆಯನ್ನು ನಂಬಿದ್ದರು ಅಷ್ಟೇ. ಅವಳೇ ಎಳೆದ ಗೆರೆ ಅದು. ಈಗ ಅವಳ ಬಾಯಿಮಾತಿಗಿಂತ ಅದರ ಮಾತೇ ಮೇಲಾಗಿತ್ತು. ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸದ್ದು, ಔಷಧಿಯವನು ಓಡಿಬಂದು, “ಬಂದ್ರು, ಬಂದ್ರು,” ಎಂದದ್ದು, ಡಾಕ್ಟರು ಕಾಲರ್ ಸರಿಮಾಡಿಕೊಂಡು ಎದ್ದದ್ದು. ಅವಳು ಅತ್ತಿಗೆಯ ರಟ್ಟೆ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. “ಮನೆಗೆ ಹೋಗ್ಬೇಡ. ನಾನು ಹೇಳೋವರೆಗೂ ಏಳ್ಬೇಡ, ಗೊತ್ತಾಯ್ತಾ?”

“ಹೊಗಳೋದು ಇಲ್ಲಿಗೆ ಕೇಳಿಸುತ್ತಾ?” ಎಂದಳು ಅತ್ತಿಗೆ.

ಅಧಿಕಾರಿ ಎಂದರೆ ತಲೆ ನರೆತ ಗಂಡಸೊಬ್ಬರನ್ನು ಊಹಿಸಿಕೊಂಡಿದ್ದಳು. ಬಂದವಳು ತನಗಿಂತ ಚಿಕ್ಕವಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಉಗುರುಗಳನ್ನು ಕಚ್ಚಿ ಕಚ್ಚಿ ಮೊಂಡು ಮಾಡಿಕೊಂಡಿದ್ದಳು. ಕೊಟ್ಟ ಚಹಾವನ್ನು ಕುಡಿಯುವುದನ್ನು ಮರೆತು, ಒರೆಸಿ ಒರೆಸಿ ಹೊಳೆಯುತ್ತಿದ್ದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಳು. ನಕ್ಷೆ ಬಂತು. ಕೆಂಪಿನ, ಹಳದಿಯ ತೇಪೆಗಳ ನಡುವೆ ಇವರ ಬಡಾವಣೆ ಈಗಷ್ಟೇ ನೀರು ಹನಿಸಿದ ಹಾಗೆ ಹಸಿರಾಗಿತ್ತು.

“ಬೇರೆ ಕಡೆ ಗೆರೆ ಗರಗಸದ ಹಲ್ಲಿನ ಥರ ಏರುತ್ತೆ, ಇಳಿಯುತ್ತೆ. ನಿಮ್ದು ನೋಡಿ,” ಎಂದಳು ಅಧಿಕಾರಿ. “ಏನು ಗುಟ್ಟು ಸಿಸ್ಟರ್? ಬೇರೆ ಚಿಕಿತ್ಸಾಲಯದ ಸಿಸ್ಟರ್‌ಗಳಿಗೆ ನೀವೇ ಬಂದು ಹೇಳಿಕೊಡ್ಬೇಕು. ಅದನ್ನ ಕೇಳೋಕೇ ನಾನು ಬಂದಿದ್ದು.” ಡಾಕ್ಟರು ಅವಳತ್ತ ನೋಡಿ ಹೆಮ್ಮೆಯಿಂದ ನಕ್ಕರು. ಬಾಗಿಲ ಸಂದಿಯಲ್ಲಿ ಔಷಧಿಯವನೂ ನಗುತ್ತಿದ್ದ. ಯಾರೋ ಹೊಗಳಿದರೆ ತಲೆ ಬಗ್ಗಿಸಿ ನಿಲ್ಲಬೇಕು ಎಂದು ಅತ್ತಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದಳು. ಹಾಗೇ ನಿಂತಿದ್ದಳು ಅವಳು, ಕಾರಣ ಬೇರೆಯಾಗಿತ್ತು. “ಬರೋ ತಿಂಗಳು ಮನೆಮನೆಗೆ ಹೋಗೋ ತಂಡಗಳು ಹೊರಡ್ತವೆ,” ಎನ್ನುತ್ತಿದ್ದಳು ಅಧಿಕಾರಿ, “ನಮ್ಮ ಹತ್ರ ಜನ ಕಮ್ಮಿ. ಕೆಂಪು ಇರೋ ಕಡೆಗಷ್ಟೇ ಕಳಿಸೋದು. ನಿಮಗೆ ಬೇಕಾಗೋದೂ ಇಲ್ಲ, ಅದೇ ಸಮಾಧಾನ.” ಆಮೇಲೆ ಏನನ್ನೋ ಕಂಡು ಪರದೆಯ ಹತ್ತಿರಕ್ಕೆ ಬಗ್ಗಿದಳು. “ಇದೊಂದು ಬೆಳಗ್ಗೆ ಬಂದಿದೆ ನೋಡಿ. ನೂರ ತೊಂಬತ್ತೆರಡು. ಸಿಸ್ಟಮ್ಮೇ ತಪ್ಪಿರ್ಬೇಕು ಅಂತ ಬದಿಗಿಟ್ಟಿದೆ. ಹ್ಞೂಂ ಅಂದ್ರೆ ತೆಗೆದುಬಿಡ್ತೀನಿ.”

ಬೆರಳು ಮೌಸಿನ ಮೇಲೆ ಕಾಯುತ್ತಿತ್ತು. ಆ ಬೆರಳು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಎಷ್ಟು ಹಗುರವಾಗಿ ಒತ್ತುತ್ತದೆ ಎಂಬುದೂ ಗೊತ್ತಿತ್ತು. ಒಂದು ‘ಹ್ಞೂಂ’ ಸಾಕಿತ್ತು. ಬೆಂಚಿನ ಮೇಲೆ ಅತ್ತಿಗೆ ಯಾರಿಗೋ, “ಅವಳು ನನ್ನ ನಾದಿನಿ,” ಎನ್ನುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸಿತು.

“ಅದೊಂದೇ ನಿಜ ಮೇಡಂ,” ಎಂದಳು.

ಡಾಕ್ಟರು ನಕ್ಕುಬಿಟ್ಟರು. “ಬೆಳಗ್ಗೆಯಿಂದ ಓಡಾಡಿ ಸುಸ್ತಾಗಿದ್ದಾರೆ, ಏನೋ ಹೇಳೋಕೆ ಹೋಗಿ...”

“ಇಲ್ಲ ಸರ್. ಅದನ್ನ ಪಟ್ಟಿ ಕಟ್ಟಿ ನೋಡಿ ಬರೆದಿದ್ದು. ಮಿಕ್ಕಿದ್ದು ನೋಡಿಲ್ಲ. ಹಿಂದಿನಂತೆ ಅಂತ ಒತ್ತಿದ್ದು.” ದನಿ ತನ್ನದಲ್ಲ ಎನಿಸುವಷ್ಟು ಸಾದಾ ಇತ್ತು. ನಡುಗುತ್ತದೆ, ಅಳು ಬರುತ್ತದೆ ಎಂದುಕೊಂಡಿದ್ದಳು, ಏನೂ ಆಗಲಿಲ್ಲ. “ಹೊಸಬರದ್ದು, ಇವತ್ತಿನ ಮೂವರದ್ದು ನೋಡಿದೀನಿ. ಹಳಬರದ್ದು ಇಲ್ಲ. ಆಚೆ ಕೂತಿರೋರದ್ದೂ ಇಲ್ಲ. ಅವರಿಗೆ ಎಷ್ಟು ದಿನದಿಂದ ಹೀಗೆ ಏರಿದೆಯೋ ನನಗೆ ಗೊತ್ತಿಲ್ಲ ಸರ್. ಆ ಗೆರೆ ನೋಡ್ಬೇಡಿ. ಅದು ಅವರದ್ದಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸಿಬಿಡಿ.”

ಅಧಿಕಾರಿ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. “ಎಷ್ಟು ಜನರದ್ದು?” ಎಂದಳು. “ಗೊತ್ತಿಲ್ಲ,” ಎಂದಳು ಇವಳು. ಅಧಿಕಾರಿ ಸಿಟ್ಟಾಗಬಹುದಿತ್ತು, ಆದರೆ ಆ ನೇರ ಗೆರೆಯನ್ನು ತಾನೂ ಇಷ್ಟು ಹೊತ್ತು ಮೆಚ್ಚಿಕೊಂಡಿದ್ದವಳ ಪೆಚ್ಚುಮುಖದಲ್ಲಿ ಪರದೆಗೆ ತಿರುಗಿದಳು. ಆಮೇಲೆ, “ಇದನ್ನ ನಾನು ಬರೀಲೇಬೇಕಾಗುತ್ತೆ ಸಿಸ್ಟರ್,” ಎಂದು ಮೆಲ್ಲಗೆ ಹೇಳಿ ಏನೇನೋ ಒತ್ತಿದಳು. ನಕ್ಷೆಯಲ್ಲಿ ಹಸಿರು ಹೋಯಿತು. ಕೆಂಪು ಬರಲಿಲ್ಲ, ಬೂದು ಬಂತು. ಏನಿದೆಯೋ ತಿಳಿಯದು ಎನ್ನುವ ಕಡೆಗೆ ಹಾಕುವ ಬಣ್ಣ ಅದು. ಡಾಕ್ಟರು ಆಗಲೇ ದೊಡ್ಡಾಸ್ಪತ್ರೆಗೆ ಕಾಗದ ಬರೆಯತೊಡಗಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವರು ಪೆನ್ನು ನಿಲ್ಲಿಸಿ, ತಲೆ ಎತ್ತದೆ, “ನಾನು ಅದನ್ನ ನೋಡ್ಕೊಂಡೇ ಔಷಧಿ ಬರೀತಿದ್ದೆನಲ್ಲ ಸಿಸ್ಟರ್, ಎಲ್ಲರಿಗೂ,” ಎಂದರು. ಬಕೆಟ್ಟಿನೊಳಗಿನ ಒದ್ದೆ ಬಟ್ಟೆಯ ವಾಸನೆ ಕೋಣೆಗೆಲ್ಲ ಹರಡಿತ್ತು.

ಚಿಕಿತ್ಸಾಲಯದ ವ್ಯಾನಿನಲ್ಲಿ ಅತ್ತಿಗೆ ಕಿಟಕಿಯ ಬದಿಗೆ, ಅವಳು ಪಕ್ಕಕ್ಕೆ ಕೂತರು. ದೊಡ್ಡ ರಸ್ತೆಯಲ್ಲಿ ಸಿಗ್ನಲ್ಲಿನ ದೀಪ ಕಂಡಲ್ಲೆಲ್ಲ ನಿಲ್ಲಬೇಕಾಗುತ್ತಿತ್ತು. ಪ್ರತಿ ನಿಲುಗಡೆಯೂ ಅವಳನ್ನು ಕುಳಿತಲ್ಲೇ ಮುಂದಕ್ಕೆ ದೂಡುತ್ತಿತ್ತು. ಡ್ರೈವರಿಗೆ ಏನಾದರೂ ಹೇಳಬೇಕೆನಿಸುತ್ತಿತ್ತು, ಹೇಳುವುದೇನೂ ಇರಲಿಲ್ಲ. ಒಳಗಿದ್ದದ್ದನ್ನು ಹೇಳಿ ಮುಗಿಸಿದ ಮೇಲೆ ಹಗುರವಾಗುತ್ತದೆ ಎಂದು ಕೇಳಿದ್ದಳು, ಓದಿದ್ದಳು. ಹಾಗೇನೂ ಆಗಿರಲಿಲ್ಲ. ಅಲ್ಲಿ ಹೇಳಿದ್ದು ಕುರ್ಚಿಯಲ್ಲಿ ಕೂತವರಿಗೆ. ಅವರು ಕಾಗದ ಬರೆಯುತ್ತಾರೆ, ವಿಚಾರಣೆ ಮಾಡುತ್ತಾರೆ, ಕೆಲಸದಿಂದ ತೆಗೆದರೂ ತೆಗೆಯುತ್ತಾರೆ, ಅದಕ್ಕೆಲ್ಲ ಒಂದು ಕ್ರಮವಿದೆ. ಪಕ್ಕದಲ್ಲಿ ಕೂತವಳಿಗೆ ಇನ್ನೂ ಏನೂ ಹೇಳಿರಲಿಲ್ಲ. “ಒಂದು ಸಲ ದೊಡ್ಡ ಡಾಕ್ಟರು ನೋಡ್ಲಿ ಅಂತ,” ಎಂದಷ್ಟೇ ಹೇಳಿ ಕರೆತಂದಿದ್ದಳು. ಅತ್ತಿಗೆ ಶಾಲು ಸರಿಮಾಡಿಕೊಂಡು ಹೊರಟಿದ್ದಳು. ಪುಟ್ಟಿ ಹೇಳಿದ ಮೇಲೆ ಮುಗಿಯಿತು.

“ಹೊಗಳಿದ್ರಾ?” ಎಂದಳು ಅತ್ತಿಗೆ, ಹೊರಗೆ ನೋಡುತ್ತಲೇ.

“ಹೊಗಳಿದ್ರು. ಮೊದಲು.”

“ಮೊದಲು ಅಂದ್ರೆ?” ಉತ್ತರಕ್ಕೆ ಕಾಯದೆ ಅತ್ತಿಗೆ ತನ್ನ ಕೈಯನ್ನು ಅವಳ ಮಡಿಲಲ್ಲಿಟ್ಟಳು, ಅಂಗೈ ಮೇಲೆ ಮಾಡಿ. “ಎದೆ ಯಾಕೋ ಡವಡವ ಅಂತಿದೆ ಕಣೇ, ಭಯಕ್ಕೋ ಏನೋ. ಈಗೆಷ್ಟಿದೆ, ಹಿಡಿದು ನೋಡಿ ಹೇಳು.”

ಬೆರಳ ತುದಿಗಳಲ್ಲಿ ಹೊಲಿಗೆಯ ಸೂಜಿ ಚುಚ್ಚಿದ ಹಳೆಯ ಕಲೆಗಳು. ಮಣಿಕಟ್ಟಿಗೆ ಬೆರಳಿಟ್ಟರೆ ನಾಡಿ ಸಿಕ್ಕಿತು, ಹೊಡೆದುಕೊಳ್ಳುತ್ತಿತ್ತು. ‘ಚೆನ್ನಾಗಿದೆ ಅತ್ತಿಗೆ’ ಎಂಬ ಮಾತು ಬಾಯಲ್ಲಿ ತಾನಾಗಿಯೇ ಬಂದು ನಿಂತಿತು, ಎಷ್ಟೋ ಸಲ ಬಂದ ಹಾಗೆಯೇ.

“ಕೈ ಹಿಡಿದ್ರೆ ಪ್ರೆಷರ್ ಗೊತ್ತಾಗಲ್ಲ ಅತ್ತಿಗೆ,” ಎಂದಳು. “ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ನಾನು ಸುಮ್ನೆ ಹೇಳ್ತಿದ್ದೆ. ಮಿಷನ್ ಇಟ್ಟು ನೋಡ್ದೆ ಹೋದ್ಸಲದ್ದನ್ನೇ ಹಾಕ್ತಿದ್ದೆ. ನಿನ್ನ ಕಣ್ಣು...” ಮುಂದಿನದು ಬರಲಿಲ್ಲ.

ಅತ್ತಿಗೆ ತಲೆ ತಿರುಗಿಸಿ ನೋಡಿದಳು. ಬಲಗಣ್ಣಿಗೆ ಕಾಣಲಿಲ್ಲವೆಂದು ಇನ್ನಷ್ಟು ತಿರುಗಿಸಿ ಎಡಗಣ್ಣಿನಲ್ಲಿ ನೋಡಿದಳು. ಹೊಲಿಗೆ ಬಿಟ್ಟ ಜಾಗವನ್ನು ಹುಡುಕುವಾಗ ನೋಡುತ್ತಿದ್ದ ನೋಟ ಅದು. ವ್ಯಾನು ದೀಪಕ್ಕೆ ನಿಂತಿತ್ತು. ಬೈಯುತ್ತಾಳೆ, ಅಥವಾ ಹೋಗಲಿ ಬಿಡು ಎನ್ನುತ್ತಾಳೆ. ಯಾವುದಾದರೂ ಒಂದನ್ನು ಬೇಗ ಅಂದುಬಿಡಲಿ ಎಂದು ಅವಳು ಕಾದಳು. ಅತ್ತಿಗೆಯ ಕೈ ಅವಳ ಮಡಿಲಲ್ಲೇ ಇತ್ತು. ದೀಪ ಬದಲಾಗಿ ವ್ಯಾನು ಹೊರಟ ಮೇಲೂ ಇತ್ತು.

“ಪಾಠದಜ್ಜಿದು?” ಎಂದಳು ಅತ್ತಿಗೆ. “ಅವರದ್ದೂ ಹೀಗೇನಾ?”

ಅವಳು ಅತ್ತಿಗೆಯ ಮಣಿಕಟ್ಟಿನಿಂದ ಬೆರಳು ತೆಗೆದಳು.

“ಬರಲ್ಲ ಅಂದಿದ್ರು ಪುಟ್ಟಿ ಅವರು. ದೊಡ್ಡಾಸ್ಪತ್ರೆಗೇ ಹೋಗ್ತೀನಿ, ಅಲ್ಲಿ ಚೆನ್ನಾಗಿ ನೋಡ್ತಾರೆ ಅಂದಿದ್ರು. ನಾನೇ ಬಿಡ್ದೆ ಕರ್ಕೊಂಡು ಬಂದೆ, ನಮ್ಮ ಪುಟ್ಟಿ ಇದ್ದಾಳೆ ಅಂತ.”

“ಅವರದ್ದೂ ನೋಡಿರ್ಲಿಲ್ಲ ಅತ್ತಿಗೆ.”

ಅತ್ತಿಗೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಶಾಲಿನೊಳಗೆ ಇಟ್ಟುಕೊಂಡಳು. ಆಸ್ಪತ್ರೆಯ ಮುಂದೆ ವ್ಯಾನು ನಿಂತಾಗ ಅವಳು ಮೊದಲು ಇಳಿದು, ಮೆಟ್ಟಿಲು ಎತ್ತರವಿದೆಯೆಂದು ತೋಳು ಚಾಚಿದಳು. ಅತ್ತಿಗೆ ಅದನ್ನು ಹಿಡಿಯಲಿಲ್ಲ. ಬಾಗಿಲಿನ ಅಂಚನ್ನು ತಡವಿ ಹಿಡಿದು, ಕಾಲಿನಲ್ಲಿ ನೆಲ ಎಲ್ಲಿದೆಯೆಂದು ಹುಡುಕತೊಡಗಿದಳು.